ಬಿ.ಕಾಂ. ಮುಗಿಯಿತು, ಸಿಎ ಆಫೀಸಿಗೆ ಸೇರುವುದು ಹೇಗೆ? ಕಾಸರಗೋಡಿನ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಗ್ರಿ ರಿಸಲ್ಟ್ ಬಂದ ವಾರ ನನಗೆ ಫೋನ್ ಜಾಸ್ತಿ. ಪೆರ್ಲದಿಂದ, ಬದಿಯಡ್ಕದಿಂದ, ಮುಳ್ಳೇರಿಯದಿಂದ, ಉಪ್ಪಳದಿಂದ. ಕೆಲವು ಸಲ ಮಕ್ಕಳೇ ಮಾತಾಡುತ್ತಾರೆ. ಹೆಚ್ಚಿನ ಸಲ ಅಪ್ಪನೋ ಮಾವನೋ. "ಮಗಳದ್ದು ಬಿ.ಕಾಂ. ಆಯ್ತು, ಸಿಎ ಆಫೀಸಿಗೆ ಸೇರಿಸಬಹುದಾ?" ಅಂತ.

ನಾನೂ ಇಲ್ಲಿಯವನೇ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಆಮೇಲೆ ಕಾಸರಗೋಡಿನಲ್ಲಿ ಬಿ.ಕಾಂ., ಇಲ್ಲೇ ಒಂದು ಸಣ್ಣ ಆಫೀಸಿನಲ್ಲಿ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಆಗಲು ಬೇಕಾದ ತರಬೇತಿಯಾದ ಆರ್ಟಿಕಲ್‌ಶಿಪ್, ಈಗ ಸ್ವಂತ ಪ್ರಾಕ್ಟೀಸ್. ಫೋನಿನಲ್ಲಿ ಹೇಳಿದ್ದನ್ನೇ ಎಷ್ಟು ಸಲ ಹೇಳುವುದು, ಬರೆದೇ ಇಡೋಣ ಅನ್ನಿಸಿತು. ನಮ್ಮ ಮಕ್ಕಳು ಈ ಕೆಲಸಕ್ಕೆ ಬರಬೇಕು ಅನ್ನುವ ಆಸೆ ನನಗೆ ತುಂಬಾ ಇದೆ. ಹಾಗಾಗಿ ಚೆಂದದ ಮಾತಿಗಿಂತ ಉಪಯೋಗದ ಮಾತನ್ನೇ ಹೇಳುತ್ತೇನೆ.

ಸಿಎ ಆಫೀಸಿನಲ್ಲಿ ನಿಜವಾಗಿ ಏನು ಕೆಲಸ ಇರುತ್ತದೆ?

ತಿಂಗಳ ತಾರೀಕುಗಳ ಮೇಲೆ ನಡೆಯುವ ಕೆಲಸ ಇದು. 7ಕ್ಕೆ ಟಿಡಿಎಸ್, ಅಂದರೆ ಪಾವತಿ ಮಾಡುವಾಗಲೇ ಹಿಡಿದ ತೆರಿಗೆ, ಕಟ್ಟಬೇಕು. 11ಕ್ಕೆ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1 ಹೋಗಬೇಕು. 14ಕ್ಕೆ 2ಬಿ, ಅಂದರೆ ಪೋರ್ಟಲಿನಲ್ಲಿ ಕಾಣುವ ಖರೀದಿಯ ಪಟ್ಟಿ, ಬರುತ್ತದೆ. ಅದನ್ನು ಕ್ಲೈಂಟಿನ ಖರೀದಿ ಬಿಲ್ಲುಗಳ ಜೊತೆ ತಾಳೆ ನೋಡಿ 20ರ ಒಳಗೆ ತೆರಿಗೆ ಕಟ್ಟುವ ರಿಟರ್ನ್ ಆದ 3ಬಿ ಮುಗಿಸಬೇಕು. ಇದು ಪ್ರತಿ ತಿಂಗಳೂ ಇದ್ದದ್ದೇ. ಏಪ್ರಿಲ್ ಬಂತೆಂದರೆ ಬ್ಯಾಂಕ್ ಬ್ರಾಂಚ್ ಆಡಿಟ್. ಜುಲೈಯಲ್ಲಿ ಸಂಬಳದವರ ರಿಟರ್ನ್. ಆಗಸ್ಟ್‌ನಿಂದ ಸೆಪ್ಟೆಂಬರ್ 30ರವರೆಗೆ ಟ್ಯಾಕ್ಸ್ ಆಡಿಟ್. ವ್ಯಾಪಾರದ ವಹಿವಾಟು ವರ್ಷಕ್ಕೆ 1 ಕೋಟಿ ದಾಟಿದರೆ ಆಡಿಟ್ ಬೇಕು. ನಗದು ವ್ಯವಹಾರ ನೂರಕ್ಕೆ ಐದಕ್ಕಿಂತ ಹೆಚ್ಚಿಲ್ಲದಿದ್ದರೆ ಆ ಮಿತಿ 10 ಕೋಟಿ.

ಹೊಸಬರಿಗೆ ಮೊದಲು ಸಿಗುವುದು ವೋಚರ್ ಕಟ್ಟು, ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಎಂಟ್ರಿ, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ. "ಇದಕ್ಕಾಗಿ ಇಷ್ಟು ಓದಿದೆನಾ?" ಅಂತ ಬೇಸರ ಬರುತ್ತದೆ. ಆದರೆ ಒಂದು ಅಂಗಡಿಯ ಹನ್ನೆರಡು ತಿಂಗಳ ವೋಚರ್ ಕೈಯಲ್ಲಿ ತಿರುವಿದವರಿಗೆ ಆ ಅಂಗಡಿ ಹೇಗೆ ನಡೆಯುತ್ತಿದೆ ಅನ್ನುವುದು ಬ್ಯಾಲೆನ್ಸ್ ಶೀಟ್ ನೋಡುವ ಮೊದಲೇ ಗೊತ್ತಾಗುತ್ತದೆ. ನಾನು ಆಡಿಟ್ ಕಲಿತದ್ದು ಹಾಗೆಯೇ.

ಬಿ.ಕಾಂ. ಆದವರೂ ಫೌಂಡೇಶನ್ ಬರೆಯಬೇಕಾ?

ಫೌಂಡೇಶನ್ ಅಂದರೆ ಸಿಎಯ ಮೊದಲ ಹಂತದ ಪರೀಕ್ಷೆ. 55 ಶೇಕಡಾ ಇದ್ದರೆ ಅದು ಬೇಡ. ನೇರವಾಗಿ ಎರಡನೇ ಹಂತವಾದ ಇಂಟರ್‌ಮೀಡಿಯಟ್‌ಗೆ (ಇಂಟರ್) ಹೆಸರು ಹಾಕಬಹುದು. ಡಿಗ್ರಿಯಲ್ಲಿ ಅಕೌಂಟಿಂಗ್, ಆಡಿಟಿಂಗ್, ತೆರಿಗೆ, ಕಂಪನಿ ಕಾನೂನು, ಕಾಸ್ಟಿಂಗ್, ಎಕನಾಮಿಕ್ಸ್ ಇಂಥವುಗಳಲ್ಲಿ ನೂರು ಅಂಕದ ಮೂರು ಪೇಪರ್ ಓದಿರಬೇಕು. ಬಿ.ಕಾಂ. ಮಾಡಿದವರಿಗೆ ಇದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕಾಮರ್ಸ್ ಅಲ್ಲದ ಡಿಗ್ರಿಯವರಿಗೆ 60 ಶೇಕಡಾ ಬೇಕು. ಅಷ್ಟು ಇಲ್ಲದವರು ಫೌಂಡೇಶನ್‌ನಿಂದ ಶುರು ಮಾಡಬೇಕು. ಅದರಲ್ಲಿ ನಾಲ್ಕು ಪೇಪರ್.

ಕೊನೆಯ ವರ್ಷದಲ್ಲಿ ಓದುತ್ತಿರುವಾಗಲೇ ತಾತ್ಕಾಲಿಕ ನೋಂದಣಿ ಮಾಡಬಹುದು. ಇದನ್ನು ಯಾರೂ ಮಕ್ಕಳಿಗೆ ಹೇಳುವುದಿಲ್ಲ ಅನ್ನುವುದೇ ನನಗೆ ಬೇಸರ. ಪರೀಕ್ಷೆಗೆ ಕೂರುವ ಮೊದಲು 8 ತಿಂಗಳ ಓದಿನ ಅವಧಿ ಆಗಬೇಕು. ರಿಸಲ್ಟ್ ಬರಲಿ, ಸರ್ಟಿಫಿಕೇಟ್ ಸಿಗಲಿ ಅಂತ ಸುಮ್ನೆ ಕೂತರೆ ಆ ತಿಂಗಳುಗಳು ಲೆಕ್ಕಕ್ಕೆ ಬಾರದೆ ಹೋಗುತ್ತವೆ.

ಇನ್ನೊಂದು ವಿಷಯ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಬಂದಿದೆ. ಕಣ್ಣೂರು ವಿಶ್ವವಿದ್ಯಾಲಯದ ಕಾಲೇಜುಗಳಲ್ಲೂ ಅದೇ. ಮೂರು ವರ್ಷಕ್ಕೆ ಡಿಗ್ರಿ ತೆಗೆದುಕೊಂಡು ಹೊರಗೆ ಬರಲು ಅವಕಾಶ ಇದೆ. ಸಿಎ ಮಾಡಲೇಬೇಕು ಅಂತ ಗಟ್ಟಿ ಮನಸ್ಸಿದ್ದರೆ ಮೂರಕ್ಕೇ ಬರುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

"ಮೊದಲು ಆಫೀಸಿಗೆ ಸೇರು, ಪರೀಕ್ಷೆ ಆಮೇಲೆ ಬರೆ" ಅಂತ ನಮ್ಮ ಅಣ್ಣ ಹೇಳುತ್ತಾರೆ. ಸರಿಯಾ?

ಅಣ್ಣನ ಕಾಲಕ್ಕೆ ಸರಿ. ಈಗ ಅಲ್ಲ.

ಈ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಉತ್ತರಿಸಬೇಕು. ಅತಿ ಹೆಚ್ಚು ಮಕ್ಕಳು ಎಡವುವುದು ಇಲ್ಲೇ. ಹಿಂದೆ ಡಿಗ್ರಿಯಾಗಿ ನೇರ ಬಂದವರು ಒಂದು ಸಣ್ಣ ತರಬೇತಿ ಮುಗಿಸಿ ಮೂರು ವರ್ಷದ ಆರ್ಟಿಕಲ್‌ಶಿಪ್‌ಗೆ ಸೇರುತ್ತಿದ್ದರು. ಒಂಬತ್ತು ತಿಂಗಳು ಆದ ಮೇಲೆ ಇಂಟರ್ ಬರೆಯುತ್ತಿದ್ದರು. ನಾನೂ ಹಾಗೆಯೇ ಮಾಡಿದವನು. 2023ರ ಜುಲೈ 1ರಿಂದ ಹೊಸ ಪದ್ಧತಿ ಬಂದಿದೆ. ಈಗ ಇಂಟರ್‌ನ ಎರಡೂ ಗ್ರೂಪ್ (ಮೂರು ಮೂರು ಪೇಪರಿನ ಎರಡು ಗುಂಪು) ಪಾಸಾಗಬೇಕು. ಜೊತೆಗೆ ಐಸಿಐಟಿಎಸ್‌ಎಸ್ ಅನ್ನುವ ತರಬೇತಿ ಮುಗಿಸಬೇಕು. ಅದರಲ್ಲಿ ಕಂಪ್ಯೂಟರಿನದ್ದು 15 ದಿನ, ಓರಿಯೆಂಟೇಶನ್ 15 ದಿನ. ಆಮೇಲೆಯೇ ಆರ್ಟಿಕಲ್‌ಶಿಪ್. ಅದು ಎರಡೇ ವರ್ಷ. ಅದು ಮುಗಿದು ಆರು ತಿಂಗಳು ಓದಿಗೆ ಬಿಟ್ಟು ಫೈನಲ್. ಫೈನಲ್‌ಗೆ ಮೊದಲು ನಾವೇ ಕೂತು ಓದಿ ಆನ್‌ಲೈನಿನಲ್ಲಿ ಬರೆಯುವ ನಾಲ್ಕು ಮಾಡ್ಯೂಲ್‌ಗಳೂ ಇವೆ.

ಎಲ್ಲವೂ ಮೊದಲ ಸಲಕ್ಕೇ ಪಾಸಾದರೆ ಡಿಗ್ರಿಯ ನಂತರ ಸುಮಾರು ಮೂರೂವರೆ ವರ್ಷ. ಹೆಚ್ಚಿನವರಿಗೆ ಅಷ್ಟರಲ್ಲಿ ಆಗುವುದಿಲ್ಲ. ಮನೆಯಲ್ಲಿ ಮೊದಲೇ "ಐದು ವರ್ಷ ಹಿಡಿಯಬಹುದು" ಅಂತ ಹೇಳಿ ಇಡಿ.

ಹಾಗಾದರೆ ಇಂಟರ್ ಓದುವ ಸಮಯದಲ್ಲಿ ಆಫೀಸಿಗೆ ಹೋಗಲೇಬಾರದಾ? ಹೋಗಬಹುದು, ಅಕೌಂಟ್ಸ್ ಅಸಿಸ್ಟೆಂಟ್ ಅಂತ. ಸಂಬಳ ಸಿಗುತ್ತದೆ, ಟ್ಯಾಲಿ ಕಲಿಯುತ್ತೀರಿ. ಆದರೆ ಅದು ಎರಡು ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಒಬ್ಬ ಹುಡುಗ ಒಂದೂವರೆ ವರ್ಷ ಒಂದು ಆಫೀಸಿನಲ್ಲಿ ದುಡಿದು, ತನ್ನದು ಆರ್ಟಿಕಲ್‌ಶಿಪ್ ಅಂತಲೇ ನಂಬಿದ್ದ. ಹೆಸರು ನೋಂದಣಿಯೇ ಆಗಿರಲಿಲ್ಲ. ಅವನು ನನ್ನ ಮುಂದೆ ಕೂತು ಅತ್ತದ್ದು ಈಗಲೂ ನೆನಪಿದೆ. ಆರ್ಟಿಕಲ್ ಆಗಿ ಸೇರುವಾಗ ಫಾರ್ಮ್ 103 ಹೋಗಬೇಕು, ಸಿಎಗಳ ರಾಷ್ಟ್ರೀಯ ಸಂಸ್ಥೆಯಾದ ಐಸಿಎಐನ ದಾಖಲೆಯಲ್ಲಿ ನಿಮ್ಮ ಹೆಸರು ಬರಬೇಕು. ಪೋರ್ಟಲಿನಲ್ಲಿ ನಿಮ್ಮದೇ ಲಾಗಿನ್ ಹಾಕಿ ಕಣ್ಣಾರೆ ನೋಡಿ.

ನನ್ನದು ಕನ್ನಡ ಮೀಡಿಯಂ. ಇಂಗ್ಲಿಷ್ ಅಷ್ಟಕ್ಕಷ್ಟೆ. ಆಗುತ್ತದಾ?

ಆಗುತ್ತದೆ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ.

ಸಿಎ ಪರೀಕ್ಷೆ ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿ ಮಾತ್ರ ಬರೆಯಬಹುದು. ಕನ್ನಡ ಇಲ್ಲ, ಮಲಯಾಳವೂ ಇಲ್ಲ. ಹಾಗಾಗಿ ಇಂಗ್ಲಿಷ್ ತಪ್ಪಿಸಿಕೊಳ್ಳಲು ಬರುವುದಿಲ್ಲ. ಆದರೆ ಯಾವ ಇಂಗ್ಲಿಷ್ ಬೇಕು ಅನ್ನುವುದು ಮುಖ್ಯ. ಭಾಷಣದ ಇಂಗ್ಲಿಷ್ ಬೇಡ. ಕಾನೂನಿನ ಒಂದು ಸೆಕ್ಷನ್ ಓದಿ ಅದರಲ್ಲಿ ಯಾರಿಗೆ, ಯಾವಾಗ, ಎಷ್ಟು, ಯಾವುದನ್ನು ಬಿಟ್ಟು ಅಂತ ಬಿಡಿಸಿಕೊಳ್ಳುವ ಇಂಗ್ಲಿಷ್ ಸಾಕು. ನಾನು ಏನು ಮಾಡುತ್ತಿದ್ದೆ ಅಂದರೆ, ಪ್ರತಿ ಸೆಕ್ಷನ್ನಿನ ತಿರುಳನ್ನು ನೋಟ್ ಪುಸ್ತಕದ ಎಡಗಡೆ ಕನ್ನಡದಲ್ಲಿ ಬರೆಯುತ್ತಿದ್ದೆ. ಅದೇ ವಿಷಯವನ್ನು ಬಲಗಡೆ ಇಂಗ್ಲಿಷಿನಲ್ಲಿ ಮೂರು ಸಣ್ಣ ವಾಕ್ಯದಲ್ಲಿ. ಮೊದಲ ಎರಡು ತಿಂಗಳು ಒಂದು ಪುಟಕ್ಕೆ ಒಂದು ಗಂಟೆ ಹಿಡಿಯಿತು. ಆಮೇಲೆ ಎಡಗಡೆಯ ಪುಟ ತಾನಾಗಿ ಖಾಲಿ ಉಳಿಯತೊಡಗಿತು.

ಇಂಟರ್‌ನ ಆರು ಪೇಪರಿನಲ್ಲಿ ಅಡ್ವಾನ್ಸ್ಡ್ ಅಕೌಂಟಿಂಗ್, ತೆರಿಗೆ, ಕಾಸ್ಟಿಂಗ್, ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್ ಇವುಗಳಲ್ಲಿ ಲೆಕ್ಕವೇ ಜಾಸ್ತಿ. ಭಾಷೆ ಕಷ್ಟ ಕೊಡುವುದು ಕಂಪನಿ ಕಾನೂನು ಮತ್ತು ಆಡಿಟಿಂಗಿನಲ್ಲಿ. ಕನ್ನಡ ಮೀಡಿಯಂ ಮಕ್ಕಳು ಈ ಎರಡಕ್ಕೆ ಮೊದಲ ದಿನದಿಂದಲೇ ಸಮಯ ಕೊಡಬೇಕು. ಕೊನೆಗೆ ಓದುವ ಪೇಪರ್ ಅಲ್ಲ ಅವು. ಪ್ರಶ್ನೆಪತ್ರಿಕೆಯ ನೂರಕ್ಕೆ 30 ಅಂಕ ಸರಿ ಉತ್ತರ ಆರಿಸುವ ಪ್ರಶ್ನೆಗಳು. ಬರೆಯುವ ಭಯ ಇರುವವರಿಗೆ ಅದು ದೊಡ್ಡ ಆಸರೆ.

ಮಲಯಾಳಂ ಓದಲು ಬರುವುದಿಲ್ಲ. ಕಾಸರಗೋಡಿನ ಆಫೀಸಿನಲ್ಲಿ ನಡೆಯುತ್ತದಾ?

ಮಾತಾಡಲು ಬರುತ್ತದೆ ಅಲ್ವಾ? ಹಾಗಾದರೆ ಅರ್ಧ ಕೆಲಸ ಆಯಿತು. ಓದುವುದನ್ನು ಕಲಿಯಿರಿ. ಪಂಚಾಯತಿನ ಕಟ್ಟಡ ತೆರಿಗೆ ರಸೀತಿ, ವಿಲೇಜ್ ಆಫೀಸಿನ ಕಾಗದ, ಸೊಸೈಟಿಯ ನೋಟೀಸು ಎಲ್ಲ ಬರುವುದು ಮಲಯಾಳದಲ್ಲೇ. ಬಸ್ಸಿನ ಬೋರ್ಡ್ ಓದಲು ಬಂದರೆ ಇವನ್ನು ಓದಲು ಜಾಸ್ತಿ ದಿನ ಬೇಡ.

ನಮ್ಮ ಭಾಷೆಗಳ ಬೆಲೆ ನಮಗೇ ಗೊತ್ತಿಲ್ಲ. ಕುಂಬಳೆಯ ಒಂದು ಅಂಗಡಿಗೆ ಸ್ಟಾಕ್ ನೋಡಲು ಹೋದರೆ ಯಜಮಾನರ ಹತ್ತಿರ ಬ್ಯಾರಿಯಲ್ಲೋ ಮಲಯಾಳದಲ್ಲೋ ಮಾತು, ಗೋಡೌನಿನಲ್ಲಿ ತುಳು, ಕ್ಯಾಶಿನಲ್ಲಿ ಕೂತವರ ಹತ್ತಿರ ಕನ್ನಡ, ಬಿಲ್ಲು ಇಂಗ್ಲಿಷ್. ಇದೆಲ್ಲ ನಮ್ಮ ಮಕ್ಕಳಿಗೆ ಹುಟ್ಟಿನಿಂದ ಬಂದದ್ದು. ಆಡಿಟ್ ಅಂದರೆ ಅರ್ಧ ಕೇಳಿ ತಿಳಿಯುವ ಕೆಲಸ. ಗೋಡೌನಿನವರು ತಮ್ಮ ಭಾಷೆಯಲ್ಲಿ ಮಾತಾಡುವಾಗ ಎಷ್ಟು ಸಲೀಸಾಗಿ ವಿಷಯ ಹೇಳುತ್ತಾರೆ ಅನ್ನುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅರ್ಜಿಯಲ್ಲಿ "ತಿಳಿದ ಭಾಷೆಗಳು" ಅನ್ನುವ ಸಾಲನ್ನು ಕೊನೆಗೆ ಹಾಕಬೇಡಿ. ಮೇಲೆಯೇ ಬರೆಯಿರಿ.

ಕಾಸರಗೋಡಾ, ಮಂಗಳೂರಾ, ಬೆಂಗಳೂರಾ?

ಸಿಎಗೆ ರಾಜ್ಯದ ಗಡಿ ಇಲ್ಲ. ಕೇರಳ, ಕರ್ನಾಟಕ ಎರಡೂ ಐಸಿಎಐನ ದಕ್ಷಿಣ ಪ್ರಾದೇಶಿಕ ಮಂಡಳಿಯೊಳಗೇ ಬರುತ್ತವೆ. ಮಂಗಳೂರಲ್ಲೂ ಶಾಖೆ ಇದೆ, ಕಣ್ಣೂರಲ್ಲೂ ಇದೆ. ಕಣ್ಣೂರು ವಿಶ್ವವಿದ್ಯಾಲಯದ ಡಿಗ್ರಿ ಹಿಡಿದು ಮಂಗಳೂರಿನ ಆಫೀಸಿಗೆ ಸೇರಲು ಯಾವ ತೊಡಕೂ ಇಲ್ಲ.

ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ಮಂಗಳೂರು ರೈಲಿನಲ್ಲಿ ದಿನಾ ಹೋಗಿ ಬರುವ ದೂರ. ಸೀಸನ್ ಟಿಕೆಟ್ ಮಾಡಿಸಿದರೆ ಖರ್ಚು ಕಡಿಮೆ. ಮಂಗಳೂರಿನಲ್ಲಿ ಕಂಪನಿ ಆಡಿಟ್, ಬ್ಯಾಂಕು, ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳ ಟ್ರಸ್ಟ್, ಮೀನು ರಫ್ತು ಹೀಗೆ ಬೇರೆ ಬೇರೆ ಕೆಲಸ ಸಿಗುತ್ತದೆ. ಬೆಂಗಳೂರು, ಕೊಚ್ಚಿಯ ದೊಡ್ಡ ಫರ್ಮ್‌ಗಳಲ್ಲಿ ದೊಡ್ಡ ಕಂಪನಿಯ ಆಡಿಟ್ ಕಾಣಬಹುದು. ಆದರೆ ಅಲ್ಲಿ ಒಬ್ಬರಿಗೆ ಒಂದೇ ತುಂಡು ಕೆಲಸ ಸಿಗುವುದೂ ಇದೆ. ಒಂದು ವರ್ಷ ಬರೀ ಸ್ಥಿರ ಆಸ್ತಿಯ ಪಟ್ಟಿಯನ್ನೇ ನೋಡಿದವರೂ ಇದ್ದಾರೆ. ಸಣ್ಣ ಆಫೀಸಿನಲ್ಲಿ ಬೆಳಿಗ್ಗೆ ಜಿಎಸ್‌ಟಿ, ಮಧ್ಯಾಹ್ನ ಸೊಸೈಟಿಯ ಆದಾಯ ತೆರಿಗೆ, ಸಂಜೆ ಗಲ್ಫಿನಿಂದ ಬಂದವರ ರಿಟರ್ನ್.

ನನ್ನನ್ನು ಕೇಳಿದರೆ, ಮುಂದೆ ಸ್ವಂತ ಪ್ರಾಕ್ಟೀಸ್ ಮಾಡುವ ಆಸೆ ಇದ್ದವರು ಕಾಸರಗೋಡು ಅಥವಾ ಮಂಗಳೂರಿನ ಮಧ್ಯಮ ಆಫೀಸು ಹುಡುಕಿ. ಕಂಪನಿಯಲ್ಲಿ ಕೆಲಸಕ್ಕೆ ಹೋಗುವ ಆಸೆ ಇದ್ದವರು ದೊಡ್ಡ ಊರಿಗೆ ಹೋಗಿ. ಬಾಡಿಗೆಗೆ ಮನೆಯಿಂದ ದುಡ್ಡು ಬರುವ ಹಾಗಿದ್ದರೆ ಮಾತ್ರ.

ಗಡಿನಾಡಿನ ಆಫೀಸಿನಲ್ಲಿ ಕಲಿಯುವಂಥದ್ದು ಏನಾದರೂ ಬೇರೆ ಇದೆಯಾ?

ತುಂಬಾ ಇದೆ. ನನಗೆ ಅತಿ ಇಷ್ಟದ ಪ್ರಶ್ನೆ ಇದು.

ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು. ಕೇರಳ 32, ಕರ್ನಾಟಕ 29. ಒಳನಾಡಿನ ಆಫೀಸಿನ ಹುಡುಗರಿಗೆ ಇದು ಪಾಠಪುಸ್ತಕದ ವಿಷಯ. ನಮಗೆ ದಿನದ ಕೆಲಸ. ಪೆರ್ಲದ ವ್ಯಾಪಾರಿ ಕರ್ನಾಟಕದ ಅಡ್ಯನಡ್ಕದ ಅಂಗಡಿಗೆ ಮಾಲು ಕಳಿಸಿದರೆ ಬೈಕಿನಲ್ಲಿ ಸ್ವಲ್ಪ ಹೊತ್ತಿನ ದಾರಿ, ಆದರೆ ಕಾನೂನಿಗೆ ಅದು ಅಂತರರಾಜ್ಯ ವ್ಯಾಪಾರ. ರಾಜ್ಯಗಳ ನಡುವಿನ ತೆರಿಗೆಯಾದ ಐಜಿಎಸ್‌ಟಿ ಹಾಕಬೇಕು. ಮಾಲಿನ ಬೆಲೆ 50,000 ದಾಟಿದರೆ ಸಾಗಣೆಗೆ ಇ-ವೇ ಬಿಲ್ ಬೇಕು.

ಆರ್ಟಿಕಲ್ ಆಗಿದ್ದಾಗ ನಾನೇ ಇದರಲ್ಲಿ ಎಡವಿದ್ದೇನೆ. ಬಿಲ್ಲಿನಲ್ಲಿ ಊರಿನ ಹೆಸರು ನೋಡಿ "ನಮ್ಮ ಕಡೆಯದ್ದೇ" ಅಂದುಕೊಂಡು ಒಬ್ಬ ಕ್ಲೈಂಟಿನ ಮಾರಾಟಕ್ಕೆ ರಾಜ್ಯದೊಳಗಿನ ವ್ಯಾಪಾರದ ತೆರಿಗೆಗಳಾದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿ ರಿಟರ್ನ್ ತಯಾರಿಸಿದೆ. ಖರೀದಿದಾರರ ನಂಬರ್ 29ರಿಂದ ಶುರುವಾಗಿತ್ತು. ಗೊತ್ತಾಗುವಾಗ ತೆರಿಗೆ ಕಟ್ಟಿ ಆಗಿತ್ತು. ಕಾನೂನಿನಲ್ಲಿ ಇದಕ್ಕೆ ದಾರಿ ಇದೆ. ಸರಿಯಾದ ತೆರಿಗೆಯನ್ನು ಮತ್ತೆ ಕಟ್ಟಬೇಕು, ಅದಕ್ಕೆ ಬಡ್ಡಿ ಬೀಳುವುದಿಲ್ಲ, ತಪ್ಪಿ ಕಟ್ಟಿದ್ದನ್ನು ವಾಪಸು ಕೇಳಬೇಕು. ಆದರೆ ವಾಪಸು ಬರುವವರೆಗೆ ಆ ವ್ಯಾಪಾರಿಯ ದುಡ್ಡು ಎರಡು ಕಡೆ ಸಿಕ್ಕಿಹಾಕಿಕೊಂಡಿತ್ತು. ಅವರು ಬೈಯಲಿಲ್ಲ. "ಮಾರಾಯ, ಮುಂದಿನ ಸಲ ನಂಬರ್ ನೋಡು" ಅಂದರು, ಅಷ್ಟೆ. ಅವತ್ತಿನಿಂದ ಊರಿನ ಹೆಸರಿಗಿಂತ ಮೊದಲು ನನ್ನ ಕಣ್ಣು ಹೋಗುವುದು ಆ ಎರಡು ಅಂಕಿಗೆ.

ಇನ್ನು ನಮ್ಮ ಬೆಳೆಗಳು. ರೈತರು ತಮ್ಮ ತೋಟದ ಅಡಿಕೆ ಮಾರಿದರೆ ಅವರು ಜಿಎಸ್‌ಟಿಗೆ ಹೆಸರು ಹಾಕಿಸಬೇಕಾಗಿಲ್ಲ. ಅದನ್ನು ಕೊಂಡು ಮಾರುವ ವ್ಯಾಪಾರಿಗೆ ಒಣ ಅಡಿಕೆಯ ಮೇಲೆ 5 ಶೇಕಡಾ ತೆರಿಗೆ ಇದೆ. ಆದರೆ ಸಿಪ್ಪೆ ತೆಗೆಯದ ಗೇರುಬೀಜಕ್ಕೆ ಬೇರೆಯೇ ನಿಯಮ. ನೋಂದಾಯಿತ ವ್ಯಾಪಾರಿ ರೈತರಿಂದ ಅದನ್ನು ಕೊಂಡರೆ ತೆರಿಗೆಯನ್ನು ಕೊಂಡವರೇ ಕಟ್ಟಬೇಕು. ಬೀಡಿ ಎಲೆಗೂ ಹೊಗೆಸೊಪ್ಪಿಗೂ ಅದೇ ರಿವರ್ಸ್ ಚಾರ್ಜ್. ಅಡಿಕೆ ಆ ಪಟ್ಟಿಯಲ್ಲಿ ಇಲ್ಲ. ಒಂದೇ ಅಂಗಡಿಯವರು ಅಡಿಕೆಯನ್ನೂ ಗೇರುಬೀಜವನ್ನೂ ಕೊಳ್ಳುತ್ತಾರೆ, ಎರಡಕ್ಕೂ ಎರಡು ಲೆಕ್ಕ. ಇದು ಪರೀಕ್ಷೆಯಲ್ಲಿ ಬಂದಾಗ ನಮ್ಮ ಮಕ್ಕಳು ಬಾಯಿಪಾಠ ಮಾಡಬೇಕಾಗಿಲ್ಲ, ಅಂಗಡಿಯನ್ನು ನೆನಪು ಮಾಡಿಕೊಂಡರೆ ಸಾಕು.

ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ತೋಟದ ಜೊತೆ ಸಂಬಳವೋ ವ್ಯಾಪಾರವೋ ಇದ್ದು ಅದು ತೆರಿಗೆಯ ಮಿತಿ ದಾಟಿದರೆ, 5,000ಕ್ಕಿಂತ ಹೆಚ್ಚಿನ ಕೃಷಿ ಆದಾಯವನ್ನು ದರ ಲೆಕ್ಕ ಹಾಕಲು ಸೇರಿಸುತ್ತಾರೆ. ತೋಟ ಇರುವ ಮೇಷ್ಟ್ರುಗಳ ರಿಟರ್ನ್ ಮಾಡುವಾಗ ಇದು ಪ್ರತಿ ಸಲ ಬರುತ್ತದೆ. ಅಪ್ಪ ಅಡಿಕೆಯ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಅಡಿಕೆ ಕೊಟ್ಟ ಬಿಲ್ಲನ್ನು ಒಂದು ಸಲ ತೆಗೆದು ನೋಡಿ. ಓದಿನ ಶುರು ಅಲ್ಲಿಂದಲೇ ಮಾಡಬಹುದು.

ವೃತ್ತಿ ತೆರಿಗೆ ಕೂಡ ಹಾಗೆಯೇ. ಕೇರಳದಲ್ಲಿ ಅದು ಆರು ತಿಂಗಳಿಗೊಮ್ಮೆ ಪಂಚಾಯತಿಗೆ ಅಥವಾ ನಗರಸಭೆಗೆ ಹೋಗುತ್ತದೆ. ಕರ್ನಾಟಕದಲ್ಲಿ ತಿಂಗಳ ಸಂಬಳದಿಂದ ಹಿಡಿದು ರಾಜ್ಯ ಸರ್ಕಾರಕ್ಕೆ ಕಟ್ಟುತ್ತಾರೆ. ಎರಡೂ ಕಡೆ ಅಂಗಡಿ ಇರುವ ಕ್ಲೈಂಟಿಗೆ ಎರಡೂ ಗೊತ್ತಿರುವವರೇ ಬೇಕು.

ಆಫೀಸು ಹುಡುಕುವುದು ಹೇಗೆ? ನಮಗೆ ಯಾರೂ ಪರಿಚಯ ಇಲ್ಲ.

ಐಸಿಎಐನದ್ದೇ ಒಂದು ಆರ್ಟಿಕಲ್ ಪ್ಲೇಸ್‌ಮೆಂಟ್ ಪೋರ್ಟಲ್ ಇದೆ. ಅದರಲ್ಲಿ ಹೆಸರು ಹಾಕಿ. ಆದರೆ ನಮ್ಮ ಕಡೆಯ ಸಣ್ಣ ಆಫೀಸುಗಳಿಗೆ ನೇರವಾಗಿ ಹೋಗುವುದೇ ಒಳ್ಳೆಯದು. ಯಾವಾಗ ಹೋಗುತ್ತೀರಿ ಅನ್ನುವುದು ಮುಖ್ಯ. 18, 19, 20ನೇ ತಾರೀಕಿಗೆ ಹೋಗಬೇಡಿ. ಸೆಪ್ಟೆಂಬರ್ ಕೊನೆಯಲ್ಲಿ ಹೋಗಲೇಬೇಡಿ. ಆಗ ಬಾಗಿಲಲ್ಲಿ ನಿಂತವರ ಮುಖ ನೋಡಲೂ ಸಮಯ ಇರುವುದಿಲ್ಲ. 22ನೇ ತಾರೀಕು ಕಳೆದ ಮೇಲೆ, ಮಧ್ಯಾಹ್ನದ ಊಟದ ನಂತರ, ಮೊದಲು ಫೋನ್ ಮಾಡಿ ಹೋಗಿ.

ಬಯೋಡೇಟಾ ಒಂದು ಪುಟ ಇದ್ದರೆ ಸಾಕು. ನಾನು ಯಾರನ್ನಾದರೂ ಸೇರಿಸಿಕೊಳ್ಳುವಾಗ ಕೇಳುವುದು ಮೂರು ನಾಲ್ಕು ವಿಷಯ. ಇಂಟರ್‌ನಲ್ಲಿ ಯಾವ ಪೇಪರ್ ಇಷ್ಟ, ಯಾಕೆ? ಬ್ಯಾಂಕ್ ಪಾಸ್‌ಬುಕ್ಕಿಗೂ ಕ್ಯಾಶ್ ಬುಕ್ಕಿಗೂ ವ್ಯತ್ಯಾಸ ಬಂದರೆ ಮೊದಲು ಎಲ್ಲಿ ನೋಡುತ್ತೀರಿ? ಎಕ್ಸೆಲಿನಲ್ಲಿ ಎರಡು ಪಟ್ಟಿ ತಾಳೆ ನೋಡಲು ಬರುತ್ತದಾ? ಆಮೇಲೆ ಒಂದು ಬಿಲ್ಲು ಕೈಗೆ ಕೊಟ್ಟು, ಇದರಲ್ಲಿ ಏನು ಕಾಣುತ್ತದೆ ಹೇಳಿ ಅನ್ನುತ್ತೇನೆ. ಗೊತ್ತಿಲ್ಲದ್ದನ್ನು "ಗೊತ್ತಿಲ್ಲ ಸರ್, ನೋಡಿ ಹೇಳುತ್ತೇನೆ" ಅಂದ ಹುಡುಗಿಯನ್ನು ನಾನು ಅಲ್ಲಿಯೇ ಒಪ್ಪಿಕೊಂಡೆ. ಊಹೆ ಮಾಡಿ ಹೇಳುವವರ ಕೈಯಲ್ಲಿ ಕ್ಲೈಂಟಿನ ಫೈಲ್ ಕೊಡಲು ಹೆದರಿಕೆಯಾಗುತ್ತದೆ.

ನೀವೂ ಪ್ರಶ್ನೆ ಕೇಳಿ. ಆಡಿಟ್ ಕೆಲಸ ಎಷ್ಟು ಸಿಗುತ್ತದೆ, ಬ್ಯಾಂಕ್ ಆಡಿಟ್ ಇದೆಯಾ, ಈಗ ಇರುವ ಆರ್ಟಿಕಲ್‌ಗಳ ಹತ್ತಿರ ಮಾತಾಡಬಹುದಾ ಅಂತ. ಒಳ್ಳೆಯ ಪ್ರಿನ್ಸಿಪಾಲ್ (ನಿಮಗೆ ಕೆಲಸ ಕಲಿಸುವ ಸಿಎ) ಇದಕ್ಕೆ ಬೇಸರ ಮಾಡುವುದಿಲ್ಲ.

ಖರ್ಚು ಎಷ್ಟು? ಸ್ಟೈಪೆಂಡಿನಲ್ಲಿ ಜೀವನ ನಡೆಯುತ್ತದಾ?

ಇಂಟರ್ ನೋಂದಣಿಗೆ ಸುಮಾರು 18 ಸಾವಿರ. ಎರಡೂ ಗ್ರೂಪಿನ ಪರೀಕ್ಷಾ ಶುಲ್ಕ 2,700. ತರಬೇತಿಗಳಿಗೆ ಬೇರೆ. ಕೋಚಿಂಗ್ ಶುಲ್ಕವೇ ಜನರನ್ನು ಹೆದರಿಸುವುದು. ಐಸಿಎಐನ ಪಠ್ಯ ಪೂರ್ತಿ ಉಚಿತವಾಗಿ ಸಿಗುತ್ತದೆ, ಅವರ ಆನ್‌ಲೈನ್ ಪಾಠಗಳೂ ಉಚಿತ. ಎಲ್ಲ ಪೇಪರಿಗೂ ಕೋಚಿಂಗ್ ಬೇಕಾಗಿಲ್ಲ. ನಿಮಗೆ ನಿಜವಾಗಿ ತೊಡಕಾಗುವ ಒಂದೋ ಎರಡೋ ಪೇಪರಿಗೆ ದುಡ್ಡು ಹಾಕಿ.

ಆರ್ಟಿಕಲ್ ಆಗಿರುವಾಗ ಆಫೀಸು ಕೊಡುವ ಸ್ಟೈಪೆಂಡಿನ ಕನಿಷ್ಠ ಮೊತ್ತವನ್ನು ಊರಿನ ಜನಸಂಖ್ಯೆ ನೋಡಿ ನಿಗದಿ ಮಾಡಿದ್ದಾರೆ. ಸಣ್ಣ ಊರಿಗೆ ಕಡಿಮೆ. ಎರಡನೇ ವರ್ಷ ಸ್ವಲ್ಪ ಏರುತ್ತದೆ. ಅದರಲ್ಲಿ ಮನೆ ನಡೆಸಲು ಆಗುವುದಿಲ್ಲ. ನಿಮ್ಮ ಪ್ರಯಾಣ, ಊಟದ ಖರ್ಚು ನೋಡಿಕೊಳ್ಳಬಹುದು. ಮನೆಯವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ. ಬಿ.ಕಾಂ. ಆದ ಮಗ ಸಂಪಾದಿಸುತ್ತಾನೆ ಅಂತ ಕಾದಿರುವ ಅಪ್ಪ ಅಮ್ಮನಿಗೆ ಎರಡು ವರ್ಷ ಕಡಿಮೆ ಸಮಯ ಅಲ್ಲ.

ಆರ್ಟಿಕಲ್‌ಶಿಪ್ ಕೊಡಲು ದುಡ್ಡು ಕೇಳಿದರೆ? ಆಫೀಸಿಗೆ ಬರಬೇಡ, ಸಹಿ ಹಾಕುತ್ತೇನೆ ಅಂದರೆ?

ಎರಡಕ್ಕೂ ಬೇಡ ಅನ್ನಿ. ಆರ್ಟಿಕಲ್ ಸೇರಿಸಿಕೊಳ್ಳಲು ದುಡ್ಡು ತೆಗೆದುಕೊಳ್ಳುವಂತಿಲ್ಲ, ಅದು ನಿಯಮ. ಬರೀ ಹೆಸರಿಗೆ ಆರ್ಟಿಕಲ್‌ಶಿಪ್ ಮಾಡಿ ಸಿಕ್ಕಿಬಿದ್ದರೆ ಆ ಅವಧಿಯನ್ನೇ ರದ್ದು ಮಾಡುತ್ತಾರೆ. ಒರಿಜಿನಲ್ ಮಾರ್ಕ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೂ ಕೊಡಬೇಡಿ. ಜೆರಾಕ್ಸ್ ಕೊಡಿ, ಒರಿಜಿನಲ್ ತೋರಿಸಿ ವಾಪಸು ತನ್ನಿ.

ಹೆಣ್ಣುಮಕ್ಕಳಿಗೆ ಈ ಕೆಲಸ ಆಗುತ್ತದಾ? ಹೊತ್ತು ಮೀರುತ್ತದೆ ಅನ್ನುತ್ತಾರೆ.

ನಿಯಮದ ಪ್ರಕಾರ ವಾರಕ್ಕೆ 35 ಗಂಟೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಅದಕ್ಕಿಂತ ಜಾಸ್ತಿ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಸೇರುವ ಮೊದಲೇ "ನನ್ನ ಕೊನೆಯ ಬಸ್ಸು ಇಷ್ಟು ಗಂಟೆಗೆ" ಅಂತ ಹೇಳಿಬಿಡಿ. ಮುಳ್ಳೇರಿಯದ ಕಡೆ ಹೋಗುವ ಹುಡುಗಿಯೊಬ್ಬಳು ನನ್ನ ಆಫೀಸಿನಲ್ಲಿ ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಐದಕ್ಕೆ ಹೊರಡುತ್ತಿದ್ದಳು. ಇಡೀ ಆಫೀಸಿನಲ್ಲಿ ಅತಿ ಹೆಚ್ಚು ಫೈಲ್ ಮುಗಿಸಿದವಳು ಅವಳೇ. ಅಪ್ಪಂದಿರಿಗೆ ನನ್ನ ಕೋರಿಕೆ: ಮಗಳನ್ನು ಬಿಡಲು ಬಂದ ದಿನ ಆಫೀಸಿನ ಒಳಗೆ ಬನ್ನಿ, ಕೂತು ಮಾತಾಡಿ, ಅನುಮಾನ ಇದ್ದರೆ ಕೇಳಿ. ಆಮೇಲೆ ಅವಳನ್ನು ಅವಳ ಕೆಲಸಕ್ಕೆ ಬಿಡಿ.

55 ಶೇಕಡಾ ಇಲ್ಲ. ಅಥವಾ ಸಿಎ ಅಷ್ಟು ದೂರ ಹೋಗಲು ಆಗುವುದಿಲ್ಲ. ಬೇರೆ ದಾರಿ?

ಕಾಮರ್ಸ್ ಡಿಗ್ರಿ ಇದ್ದವರು ಜಿಎಸ್‌ಟಿ ಪ್ರಾಕ್ಟಿಷನರ್ ಆಗಿ ನೋಂದಣಿಗೆ ಅರ್ಜಿ ಹಾಕಬಹುದು. ಸಣ್ಣ ಅಂಗಡಿಗಳ ರಿಟರ್ನ್ ನೋಡಿಕೊಂಡು ಮರ್ಯಾದೆಯಿಂದ ಬದುಕುವವರು ನಮ್ಮ ಕಡೆ ಇದ್ದಾರೆ. ಆದರೆ ಆಡಿಟ್ ರಿಪೋರ್ಟಿಗೆ ಸಹಿ ಹಾಕಲು ಬರುವುದಿಲ್ಲ. ಎಸಿಸಿಎ ಬ್ರಿಟನ್ನಿನ ಅಕೌಂಟಿಂಗ್ ಅರ್ಹತೆ, ಹದಿಮೂರು ಪೇಪರ್. ಹೊರದೇಶದ ಕಂಪನಿಗಳಲ್ಲಿ ಬೆಲೆ ಇದೆ. ಅದರಿಂದಲೂ ಭಾರತದಲ್ಲಿ ಆಡಿಟ್ ಸಹಿ ಮಾಡುವಂತಿಲ್ಲ.

ಕೇರಳದಲ್ಲಿ ಸಹಕಾರಿ ಸಂಘಗಳು ತುಂಬಾ ಇವೆ, ಅವುಗಳ ಆಡಿಟ್ ಮಾಡುವುದು ಸರ್ಕಾರದ ಸಹಕಾರ ಇಲಾಖೆ. ಬಿ.ಕಾಂ.ನಲ್ಲಿ ಸಹಕಾರ ವಿಷಯ ಓದಿದ್ದರೆ ಅಥವಾ ಎಚ್‌ಡಿಸಿ, ಜೆಡಿಸಿ ಅನ್ನುವ ಸಹಕಾರದ ಡಿಪ್ಲೊಮಾ ಮಾಡಿದ್ದರೆ ಸೊಸೈಟಿಯ ಕೆಲಸಗಳಿಗೆ ಅರ್ಜಿ ಹಾಕಬಹುದು. ಊರು ಬಿಡಲು ಮನಸ್ಸಿಲ್ಲದವರು ಇದನ್ನು ಗಂಭೀರವಾಗಿ ನೋಡಿ.

ಗಲ್ಫಿಗೆ ಹೋಗುವ ಯೋಚನೆ ಇದೆ. ಇಲ್ಲಿ ಕಲಿತದ್ದು ಅಲ್ಲಿ ಉಪಯೋಗಕ್ಕೆ ಬರುತ್ತದಾ?

ಬರುತ್ತದೆ. ಯುಎಇಯಲ್ಲಿ 2018ರ ಜನವರಿ 1ರಿಂದ 5 ಶೇಕಡಾ ವ್ಯಾಟ್ ಇದೆ. 2023ರ ಜೂನ್ 1ರ ನಂತರ ಶುರುವಾಗುವ ಹಣಕಾಸು ವರ್ಷಗಳಿಗೆ ಕಾರ್ಪೊರೇಟ್ ತೆರಿಗೆಯೂ ಬಂದಿದೆ, 3,75,000 ದಿರ್ಹಮ್ ದಾಟಿದ ಲಾಭಕ್ಕೆ 9 ಶೇಕಡಾ. ಹಿಂದೆ ಅಲ್ಲಿ ಲೆಕ್ಕ ಬರೆದರೆ ಸಾಕಿತ್ತು. ಈಗ ತೆರಿಗೆ ಗೊತ್ತಿರುವವರು ಬೇಕು. ಇಲ್ಲಿ ಜಿಎಸ್‌ಟಿ ಚೆನ್ನಾಗಿ ಕಲಿತವರಿಗೆ ಅಲ್ಲಿನ ವ್ಯಾಟ್ ಕಷ್ಟ ಅಲ್ಲ. ಆದರೆ ಇಂಟರ್ ಅರ್ಧಕ್ಕೆ ಬಿಟ್ಟು ಹೋಗಬೇಡಿ. ಹೋದ ಮೇಲೆ ಓದು ಮುಗಿಸಿದವರನ್ನು ನಾನು ಕಂಡದ್ದು ತುಂಬಾ ಕಡಿಮೆ.

ಫೇಲ್ ಆದರೆ?

ಆಗಬಹುದು. ಈಚಿನ ವರ್ಷಗಳಲ್ಲಿ ಇಂಟರ್‌ನ ಎರಡೂ ಗ್ರೂಪ್ ಒಟ್ಟಿಗೆ ಬರೆದವರಲ್ಲಿ ಪಾಸಾಗುವವರು ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ. ನಾನೂ ಒಂದು ಗ್ರೂಪಿನಲ್ಲಿ ಎರಡು ಸಲ ಬಿದ್ದಿದ್ದೇನೆ. ಪ್ರತಿ ಪೇಪರಿನಲ್ಲಿ 40, ಗ್ರೂಪಿನ ಒಟ್ಟು 50 ಶೇಕಡಾ ಬೇಕು. ಎಲ್ಲದರಲ್ಲೂ 45 ಬಂದು ಫೇಲ್ ಆಗುವುದು ಇಲ್ಲಿ ಮಾಮೂಲು. ಒಂದು ಪೇಪರಿನಲ್ಲಿ 60 ಬಂದರೆ ಮುಂದಿನ ಮೂರು ಸಲ ಅದನ್ನು ಬರೆಯದೆ ಬಿಡಬಹುದು. ಹಾಗಾಗಿ ನಿಮಗೆ ಚೆನ್ನಾಗಿ ಬರುವ ಪೇಪರನ್ನು 60ಕ್ಕೆ ಏರಿಸುವುದರಲ್ಲಿ ಶ್ರಮ ಹಾಕಿ. ಈಗ ವರ್ಷಕ್ಕೆ ಮೂರು ಸಲ ಪರೀಕ್ಷೆ ಇದೆ, ಮೊದಲಿನಂತೆ ಆರು ತಿಂಗಳು ಕಾಯಬೇಕಾಗಿಲ್ಲ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ. ಸೆಕ್ಷನ್ ನಂಬರುಗಳೆಲ್ಲ ಬದಲು. ಅಣ್ಣ ಅಕ್ಕಂದಿರ ಹಳೆಯ ಪುಸ್ತಕದಲ್ಲಿ ತೆರಿಗೆ ಓದಬೇಡಿ.

ಸೇರಿಯಾಯಿತು. ಮೊದಲ ದಿನ ಏನು ಒಯ್ಯಬೇಕು?

ಒಂದು ನೋಟ್ ಪುಸ್ತಕ, ಕ್ಯಾಲ್ಕುಲೇಟರ್, ಬುತ್ತಿ. ಸೀನಿಯರ್ ಹೇಳಿದ್ದನ್ನು ಬರೆದುಕೊಳ್ಳಿ. ಒಂದೇ ವಿಷಯವನ್ನು ಎರಡನೇ ಸಲ ಕೇಳಿದರೆ ಯಾರಿಗೂ ಬೇಸರ ಇಲ್ಲ, ಐದನೇ ಸಲಕ್ಕೆ ಬೇಸರ ಆಗುತ್ತದೆ. ಎರಡು ವರ್ಷದಲ್ಲಿ ರಜೆ ಒಟ್ಟು 24 ದಿನ. ಕೋಲ, ಮದುವೆ, ಹಬ್ಬ ಎಲ್ಲ ಅದರಲ್ಲೇ ಹೊಂದಿಸಬೇಕು.

ಇನ್ನೊಂದು ವಿಷಯವನ್ನು ನಾನು ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳುತ್ತೇನೆ. ನಮ್ಮದು ಸಣ್ಣ ಊರು. ನೀವು ಬಿಡಿಸುವ ಫೈಲ್ ನಿಮ್ಮ ಮೇಷ್ಟ್ರದ್ದಾಗಿರಬಹುದು, ಪಕ್ಕದ ಮನೆಯವರದ್ದಾಗಿರಬಹುದು, ಸ್ವಂತ ಸೋದರಮಾವನದ್ದೇ ಆಗಿರಬಹುದು. ಯಾರಿಗೆ ಎಷ್ಟು ಸಾಲ, ಯಾರ ಅಂಗಡಿ ನಷ್ಟದಲ್ಲಿದೆ, ಯಾರ ಹೆಸರಿಗೆ ಯಾವ ಜಾಗ, ಎಲ್ಲ ಕಣ್ಣಿಗೆ ಬೀಳುತ್ತದೆ. ಅದನ್ನು ಅಮ್ಮನ ಹತ್ತಿರವೂ ಹೇಳುವಂತಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು "ಅವರದ್ದು ಆಡಿಟ್ ನಿಮ್ಮಲ್ಲಿಯೇ ಅಲ್ವಾ, ವ್ಯಾಪಾರ ಹೇಗಿದೆ?" ಅಂತ ಕೇಳಿಯೇ ಕೇಳುತ್ತಾರೆ. "ನನಗೆ ಗೊತ್ತಿಲ್ಲ ಅಣ್ಣ" ಅಂತ ಹೇಳಿ, ಸಾರು ಬಡಿಸುವವರನ್ನು ಕರೆಯಿರಿ.